ತಡೆಹಿಡಿದ ವರದಿ

ಅದಿರಿನ ಲಾರಿಗಳು ಬಿಡುವಿಲ್ಲದೆ ಓಡುತ್ತಿದ್ದ ಆ ವರ್ಷಗಳಲ್ಲಿ ಬಳ್ಳಾರಿಯ ಆಸ್ಪತ್ರೆಗಳಿಗೆ ತಲೆಗೆ ಪೆಟ್ಟಾದವರು ಬರದ ದಿನವೇ ಇರಲಿಲ್ಲ. ಕರೂರಿನ ದಾವಲಸಾಬನೂ ಹಾಗೇ ಬಂದವನು. ತಾನೂ ಅದಿರು ಲಾರಿಯ ಡ್ರೈವರ್. ಬೈಕಿನಲ್ಲಿ ಊರಿಗೆ ಹೊರಟಾಗ ಕುರುಗೋಡಿನ ಹತ್ತಿರ ಲಾರಿಯೊಂದು ಗುದ್ದಿತ್ತು. ತಲೆಯೊಳಗೆ ಹೆಪ್ಪುಗಟ್ಟಿದ್ದ ರಕ್ತವನ್ನು ಆಪರೇಷನ್ ಮಾಡಿ ತೆಗೆದರು. ನಾಲ್ಕನೇ ದಿನ ಎದ್ದು ಕೂತು, ಹೆಂಡತಿ ಗುಲ್ಜಾರಬೀಯ ಕೈಯಿಂದ ಗಂಜಿ ಕುಡಿದ.

ಆಮೇಲೆ ರಕ್ತದಲ್ಲಿ ಸೋಡಿಯಂ, ಅಂದರೆ ಉಪ್ಪಿನ ಅಂಶ, ಇಳಿಯಿತು. ಮೈಯಲ್ಲಿ ನೀರು ಹೆಚ್ಚಾಗಿರಬೇಕೆಂದು ವೈದ್ಯರು ಕುಡಿಯುವ ನೀರನ್ನು ಕಡಿಮೆ ಮಾಡಿಸಿದರು. ಎರಡು ದಿನಕ್ಕೆ ಸೋಡಿಯಂ ಏರಿದರೂ ನೀರು ಹೆಚ್ಚಾದದ್ದೇ ಕಾರಣವೋ ಎಂಬ ಅನುಮಾನ ಅವರಿಗೆ ಉಳಿದು, ಯೂರಿಕ್ ಆಸಿಡ್ ನೋಡಲು ರಕ್ತ ಕಳಿಸಿದರು.

ಲ್ಯಾಬಿನಲ್ಲಿದ್ದವನು ವೇದವ್ಯಾಸ, ಹದಿನೆಂಟು ವರ್ಷ ಅದೇ ಕೆಲಸ ಮಾಡಿದವನು. 1.4 ಬಂತು, ಇರಬೇಕಾದದ್ದರ ಅರ್ಧಕ್ಕಿಂತ ಕಡಿಮೆ. ಯೂರಿಕ್ ಆಸಿಡ್ ಹೆಚ್ಚಾಗಿ ಕೀಲು ನೋಯುವವರನ್ನು ಅವನು ಬೇಕಾದಷ್ಟು ನೋಡಿದ್ದ; ಕಡಿಮೆಯಾಗಿ ನರಳಿದವರನ್ನು ಕಂಡಿರಲಿಲ್ಲ. ಕರೆಂಟು ಹೋಗಿ ಫ್ರಿಜ್ಜಿನಲ್ಲಿದ್ದ ಪರೀಕ್ಷೆಯ ದ್ರಾವಣ ಕೆಟ್ಟಿರಬೇಕು, ನಾಳೆ ಹೊಸದು ಬಂದ ಮೇಲೆ ಮತ್ತೆ ನೋಡಿದರಾಯಿತು ಎಂದು ವರದಿಯನ್ನು ತಡೆಹಿಡಿದ.

ಮರುದಿನ ಬೆಳಿಗ್ಗೆ ದಾವಲಸಾಬನಿಗೆ ಬಿ.ಪಿ. ಕುಸಿದು ಫಿಟ್ಸ್ ಬಂತು. ಬಲಗೈ, ಬಲಗಾಲು ಬಿದ್ದುಹೋದವು. ಮಾತೂ ನಿಂತಿತು. ಹೊಸ ದ್ರಾವಣದಲ್ಲೂ ಅದೇ 1.4. ಸೋಡಿಯಂ ಸರಿಯಾದ ಮೇಲೂ ಯೂರಿಕ್ ಆಸಿಡ್ ಇಷ್ಟು ಕಡಿಮೆ ಇದ್ದರೆ ಉಪ್ಪು, ನೀರು ಎರಡೂ ಮೂತ್ರದಲ್ಲಿ ಹರಿದುಹೋಗುತ್ತಿರುತ್ತವೆ, ಅಂಥವರಿಗೆ ನೀರು ಕಡಿಮೆ ಮಾಡಬಾರದು, ಸಲೈನ್ ಏರಿಸಬೇಕು ಎಂದರು ವೈದ್ಯರು. ನಿನ್ನೆಯೇ ತಿಳಿದಿದ್ದರೆ ಇದು ತಪ್ಪುತ್ತಿತ್ತೇ ಎಂದು ವೇದವ್ಯಾಸ ಕೇಳಿದ. ಖಂಡಿತ ಹೇಳಲಾರೆ ಎಂದರು.

ಎರಡು ತಿಂಗಳು ಆ ಮಾತನ್ನೇ ಹಿಡಿದುಕೊಂಡು ನೋಡಿದ. ಸಮಾಧಾನವಾಗಲಿಲ್ಲ. ಒಂದು ಭಾನುವಾರ ಸಿರುಗುಪ್ಪಕ್ಕೆ ಹೋಗಿ, ಅಲ್ಲಿಂದ ಬಸ್ಸು ಬದಲಿಸಿ ಕರೂರಿಗೆ ಬಂದ.

ಆಸ್ಪತ್ರೆಯಿಂದ ಬಂದವನೆಂದು ಗುಲ್ಜಾರಬೀ ಚಹಾ ಕೊಟ್ಟು, ಅವನು ಕೇಳದಿದ್ದರೂ ಹೇಳಿದಳು: "ಫಿಟ್ಸ್ ಬರೂ ಹಿಂದಿನ ರಾತ್ರಿ ಇವ್ರು ನೀರು ಕೇಳಿದ್ರು ಸರ್. ಕೈ ಮುಗುದು ಕೇಳಿದ್ರು. ಡಾಕ್ಟ್ರು ಬ್ಯಾಡ ಅಂದಾರ ಅಂತ ನಾ ಕೊಡಲಿಲ್ಲ."

"ಅದು ನಿಮ್ಮ ತಪ್ಪಲ್ಲಮ್ಮ," ಎಂದು ವೇದವ್ಯಾಸ ಎಲ್ಲವನ್ನೂ ಹೇಳಿದ.

ಅವಳು ಕೇಳಿದಳು: "ಡಾಕ್ಟ್ರಿಗೆ ಒಂದು ಫೋನ್ ಮಾಡಾಕ ಎಷ್ಟೊತ್ತು ಬೇಕಿತ್ರಿ?"

ಅವನು ಚಹಾದ ಲೋಟ ಕೆಳಗಿಟ್ಟ.

"ಅವ್ರಿಗೂ ಹೇಳ್ರಿ," ಎಂದು ಒಳಗಿನ ಮಂಚ ತೋರಿಸಿದಳು. "ಮಾತು ಹೋಗೈತಿ, ಕಿವಿ ಕೇಳಸ್ತಾವು."

ಮಂಚದ ಪಕ್ಕ ಕೂತು ಎಲ್ಲವನ್ನೂ ಮೊದಲಿನಿಂದ ಹೇಳಿದ. ದಾವಲಸಾಬ ಕೊನೆಯವರೆಗೂ ಕೇಳಿಸಿಕೊಂಡು, ಮೆಲ್ಲಗೆ ಗೋಡೆಯ ಕಡೆ ಮುಖ ತಿರುಗಿಸಿದ.