ಹಲಗೆಯ ತುದಿ

ಹಿರಿಯರಿಗೆ ಎಡೆಯಿಟ್ಟ ತಟ್ಟೆಗಳು ಒಳಗೆ ಹೋದದ್ದೇ ತಡ, ಹೆಂಗಸರು ಉದ್ದನೆಯ ಹಲಗೆಯನ್ನು ಅಂಗಳಕ್ಕೆ ಹೊತ್ತು ತಂದು ಹುಲ್ಲಿನ ಸಿಂಬಿಯ ಮೇಲೆ ಅಡ್ಡವಿಟ್ಟರು. ಹೊಸ ವರ್ಷದ ಆಟ. ಎರಡು ತುದಿಗೂ ಒಬ್ಬೊಬ್ಬಳು ನಿಲ್ಲಬೇಕು. ಒಬ್ಬಳು ಹಾರಿ ತನ್ನ ತುದಿಯ ಮೇಲೆ ಇಳಿದರೆ ಇನ್ನೊಬ್ಬಳು ಮೇಲಕ್ಕೆ ಚಿಮ್ಮುತ್ತಾಳೆ. ಹಲಗೆ ಜರುಗದಂತೆ ನಡುವೆ ಒಬ್ಬಳು ಕೂರಬೇಕು. ಸೊಸೆಯಾಗಿ ಬಂದಾಗಿನಿಂದ ಆ ಜಾಗ ಇನ್‌ಹ್ವಾಳದೇ.

ಅವಳ ಕರುಳಿನ ಉರಿಯೂತ ಮದುವೆಗಿಂತ ಹಳೆಯದು. ಅದಕ್ಕೆಂದು ನುಂಗಿದ ಸ್ಟೀರಾಯ್ಡ್ ಮಾತ್ರೆಗಳೂ, ಉಂಡದ್ದನ್ನು ಮೈಗೂಡಿಸದ ಕರುಳೂ ಸೇರಿ ಎಲುಬನ್ನು ತೆಳುವಾಗಿಸಿದ್ದವು. ಜಾರಿ ಕೈಯೂರಿದ್ದಕ್ಕೇ ಒಮ್ಮೆ ಮಣಿಕಟ್ಟು ಮುರಿದಿತ್ತು. ಅಂದಿನಿಂದ ಎಲ್ಲರಿಗೂ ಅವಳು ಗಾಜಿನ ಬಳೆ. ನಡುವೆ ಕೂತವಳ ಮುಖವನ್ನು ಯಾರೂ ನೋಡುವುದಿಲ್ಲ. ನಗುವೆಲ್ಲ ತಲೆಯ ಮೇಲಿಂದ ಹಾದುಹೋಗುತ್ತದೆ.

ಇವತ್ತು ಮಾತ್ರ ಅವಳು ನಡುವೆ ಹೋಗಿ ಕೂರಲಿಲ್ಲ. ಹೊಸ ಚುಚ್ಚುಮದ್ದು ಶುರುವಾದ ಮೇಲೆ ಕರುಳು ಶಾಂತವಾಗಿತ್ತು, ಸ್ಟೀರಾಯ್ಡ್ ನಿಂತಿತ್ತು. ಹಬ್ಬದ ಮುಂಚಿನ ಪರೀಕ್ಷೆಯಲ್ಲಿ ಎಲುಬು ಗಟ್ಟಿಯಾಗಿತ್ತು! ಡಾಕ್ಟರಮ್ಮನನ್ನು ಅವಳು ಮೊದಲು ಕೇಳಿದ್ದೇ ಹಲಗೆಯ ಮಾತು.

"ಇವತ್ತು ನಾನು ತುದೀಲಿ ನಿಲ್ತೀನಿ. ಹಗ್ಗ ಹಿಡ್ಕೊಂಡು ಒಂದು ಗೇಣು ಹಾರಬಹುದು ಅಂದಿದಾರೆ ಡಾಕ್ಟರಮ್ಮ."

ನಾದಿನಿ ಮಾಲ್‌ಸುನ್ ಹೌಹಾರಿದಳು. "ಅತ್ತಿಗೇ, ತಲೆ ಕೆಟ್ಟಿದ್ಯಾ? ಅಣ್ಣ ನನ್ನ ಸಿಗಿದು ಹಾಕ್ತಾನೆ!"

"ನಿಮ್ಮಣ್ಣ ಅಕ್ಕಿ ಹೆಂಡ ಕುಡಿದು ಗೊರಕೆ ಹೊಡೀತಿದಾನೆ. ಕಟ್ಟೇ ಹಗ್ಗಾನ!"

ಅಷ್ಟರಲ್ಲಿ ಮಾತೆಲ್ಲ ಕೇಳಿಸಿಕೊಂಡ ಅತ್ತೆ ಹಬೆಯಾಡುವ ಬಟ್ಟಲು ಹಿಡಿದು ಬಂದರು. ಹಗಲೂ ರಾತ್ರಿ ಕುದಿಸಿದ ದನದ ಮೂಳೆಯ ಸಾರು. "ಎಲುಬಿಗೆ ಎಲುಬೇ ಮದ್ದು, ಕೂಸೇ. ನೀನು ಗಟ್ಟಿಯಾಗಿದ್ದೇ ಇದರಿಂದ. ಕುಡಿದು ಹತ್ತು."

ಇನ್‌ಹ್ವಾ ಬಟ್ಟಲಿಗೆ ಕೈ ಚಾಚಲಿಲ್ಲ. ಪ್ರತಿ ಚಳಿಗಾಲವೂ ಆ ಬಟ್ಟಲನ್ನು ಬೇಡವೆನ್ನಲಾರದೆ ಬರಿದುಮಾಡಿದ್ದಳು. ಇವತ್ತು ಕುಡಿದರೆ ಹೊಟ್ಟೆ ಕೆಟ್ಟು ಮತ್ತೆ ನಡುವಿನ ಜಾಗವೇ ಗತಿ.

"ಅತ್ತೆ, ಇದರ ಜಿಡ್ಡು ನನಗೆ ಆಗಲ್ಲ. ಪ್ರತಿ ಸಲ ಕುಡಿದು ಕಕ್ಕಸಿಗೆ ಓಡ್ತಿದ್ದೆ. ನಿಮಗೆ ಬೇಜಾರಾಗುತ್ತೆ ಅಂತ ಹೇಳಲಿಲ್ಲ."

ಅತ್ತೆ ಬಟ್ಟಲನ್ನು ನೋಡಿದರು, ಸೊಸೆಯನ್ನು ನೋಡಿದರು.

"ಇಷ್ಟು ವರ್ಷ ಬಾಯಿಗೆ ಬೀಗ ಹಾಕ್ಕೊಂಡಿದ್ಯಾ, ಪೆದ್ದಿ!" ಎಂದವರೇ ಸಾರನ್ನು ತಾವೇ ಗಟಗಟ ಕುಡಿದು, ತುಟಿ ಒರೆಸಿಕೊಂಡು, ಹಲಗೆಯ ನಡುವೆ ಹೋಗಿ ಕೂತರು. "ಇಲ್ಲಿ ಕೂರೋಕೆ ಭಾರ ಬೇಕಲ್ಲ. ಹತ್ತಿರೇ ಇಬ್ಬರೂ!"

ಮಾಲ್‌ಸುನ್ ಎರಡು ಕಂಬಗಳ ನಡುವೆ ಕಟ್ಟಿದ ಹಗ್ಗ ಹಿಡಿದು ಇನ್‌ಹ್ವಾ ತುದಿಯ ಮೇಲೆ ನಿಂತಳು. ಎದುರು ತುದಿಯಲ್ಲಿ ಮಾಲ್‌ಸುನ್ ಹೆದರಿ ಹೆದರಿ ಮೆಲ್ಲಗೆ ಹಾರಿ ಇಳಿದಳು. ಹಲಗೆ ಮಿಸುಕಿತಷ್ಟೆ.

"ಬೆಕ್ಕು ನಡೆದ ಹಾಗೆ ಮಾಡ್ತೀಯಲ್ಲೇ! ಭಾರ ಬಿಡು!" ಇನ್‌ಹ್ವಾ ಕೂಗಿದಳು.

ಧಡ್! ಇನ್‌ಹ್ವಾಳ ಹಿಮ್ಮಡಿ ಹಲಗೆ ಬಿಟ್ಟಿತು. ಲಂಗ ಗಾಳಿ ತುಂಬಿ ಉಬ್ಬಿತು. ಹೊಟ್ಟೆಯೊಳಗೆ ಏನೋ ಜುಮ್ಮೆಂದಿತು, ಈ ಸಲ ನೋವಲ್ಲ. ಅಂಗಾಲು ಮರಳಿ ಹಲಗೆಗೆ ತಾಗಿದಾಗ ಆ ಪೆಟ್ಟು ಮೊಣಕಾಲು ದಾಟಿ ಸೊಂಟದವರೆಗೆ ಏರಿತು. ಎಲುಬು ಅದನ್ನು ತಾಳಿಕೊಂಡು ನಿಂತಿತು.

"ಸಾಕು ಇಳಿಯೇ," ಅತ್ತೆ ಕೂಗಿದರು. "ಒಂದು ಗೇಣು ಅಂದಿದ್ರಲ್ಲ ಡಾಕ್ಟರಮ್ಮ?"

"ಒಂದು ಗೇಣು ಅಂದ್ರು, ಒಂದೇ ಸಲ ಅನ್ಲಿಲ್ಲ ಅತ್ತೆ! ಮಾಲ್‌ಸುನ್, ಬಿಡೇ ಭಾರ!"