ಒಂದೇ ತೋಳಿನ ಕೋಟು

ಬೆಳಿಗ್ಗೆ ಪಶು ಆಸ್ಪತ್ರೆಯ ಬಾಗಿಲು ತೆರೆದ ಕೂಡಲೇ ದೊಡ್ಡ ಡಾಕ್ಟರು ಗೂಟದಲ್ಲಿನ ಬಿಳಿ ಕೋಟು ತೊಡುತ್ತಾರೆ. ಅದಕ್ಕೆ ಬಲತೋಳು ಮಾತ್ರ. ಎಡದ್ದನ್ನು ಅವರೇ ಭುಜದವರೆಗೆ ಕತ್ತರಿಸಿ ಎಷ್ಟೋ ಕಾಲವಾಯಿತು. ಆ ಬರಿಗೈಗೆ ಉದ್ದನೆಯ ಗ್ಲೌಸ್ ಏರಿಸಿ, ಹಸುವಿನ ಹಿಂದೆ ನಿಂತು, ಕೈಯನ್ನು ಒಳಕ್ಕೆ ತೂರಿಸಿ, ಕಣ್ಣು ಮುಚ್ಚಿ, ದೂರದ ಸಂಗೀತಕ್ಕೆ ಕಿವಿಗೊಟ್ಟವರಂತೆ ತಲೆ ವಾಲಿಸಿ ಅವರು ಗರ್ಭಕೋಶವನ್ನು ತಡವುವಾಗ ಹಸುವಿನ ಕಡೆಯವರು ಉಸಿರು ಬಿಗಿಹಿಡಿಯುತ್ತಾರೆ. ಕಣ್ಣು ತೆರೆದರೆ ತೀರ್ಪು: ಗಬ್ಬ, ಖಾಲಿ ಅಥವಾ ಕೀವು. ಅದನ್ನು ಮರುಪ್ರಶ್ನಿಸಿದವರಿಲ್ಲ.

ಅಲ್ಲಿಗೇ ಚಿಕ್ಕ ಡಾಕ್ಟರಾಗಿ ಬಂದ ಮಗಳು ಸ್ಕ್ಯಾನಿಂಗ್ ಮೆಷಿನ್ ತಂದಾಗ ಅವರು ಅದಕ್ಕೆ ಟಿವಿ ಎಂದು ಹೆಸರಿಟ್ಟರು. ಹಾಲು ಮಾರುವ ಹೆಂಗಸೊಬ್ಬರು ಕಂದು ಹಸುವನ್ನು ಕರೆತಂದು, ಹೋರಿ ಕೊಡಿಸಿದ ಮೇಲೆ ಬೆದೆಗೆ ಬಂದಿಲ್ಲ, ಗಬ್ಬವೋ ಏನೋ ನೋಡಿ ಎಂದ ದಿನ, ಡಾಕ್ಟರು ಕಣ್ಣು ತೆರೆದು ಕೀವು ಎಂದರು.

"ಅಪ್ಪ, ಒಂದ್ಸಲ ಮೆಷಿನ್ನಲ್ಲಿ ನೋಡ್ಲಾ? ಗಬ್ಬದ ನೀರೂ ಕೀವೂ ಕೈಗೆ ಒಂದೇ ಥರ ಸಿಗುತ್ತೆ."

"ಹಾಕ್ಕೊಳಮ್ಮ ನಿನ್ನ ಟಿವಿ, ಧಾರಾವಾಹಿ ಹೊತ್ತಾಯ್ತು."

ಎಲ್ಲರೂ ನಕ್ಕರು. ಮಗಳು ಮೆಷಿನ್ ಹಚ್ಚುವ ಮೊದಲೇ ಡಾಕ್ಟರು ಗರ್ಭಕೋಶದಲ್ಲಿದ್ದುದೆಲ್ಲ ಹೊರಗೆ ಬೀಳುವ ಸೂಜಿ ಕೊಟ್ಟರು.

ಕೆಲವೇ ದಿನಗಳಲ್ಲಿ ಆ ಹೆಂಗಸು ಒಬ್ಬರೇ ಬಂದು, ಪ್ಲಾಸ್ಟಿಕ್ ಕವರು ಬಿಚ್ಚಿ ಮೇಜಿನ ಮೇಲಿಟ್ಟರು. ಒಳಗೆ ಬಿದ್ದುಹೋದ ಕರು, ಇಲಿಮರಿಯಷ್ಟು ದೊಡ್ಡದು, ಪುಟ್ಟ ಗೊರಸಿನ ಗುರುತು ಮೂಡಿತ್ತು. ಕೀವು ತುಂಬಿದ ಹೊಟ್ಟೆಯಲ್ಲಿ ಇದು ಹೇಗೆ ಉಳಿದೀತು, ಡಾಕ್ಟರ ಕೈಗುಣದಿಂದ ತಾಯಾದರೂ ಉಳಿಯಿತು ಎಂದು ಆಕೆ ಕೈ ಮುಗಿದರು. ಕೆಟ್ಟ ಗರ್ಭದ ಹಸುವನ್ನು ಸಾಕುವ ಶಕ್ತಿ ತಮಗಿಲ್ಲ, ಸಂಜೆ ಕಸಾಯಿಖಾನೆಯವರು ಬರುತ್ತಾರೆ ಎಂದರು.

ಡಾಕ್ಟರು ಹೂಂ ಎಂದಿದ್ದರೆ ಸಾಕಿತ್ತು. ಮೆಷಿನ್ ಒರೆಸುತ್ತಿದ್ದ ಮಗಳು ತಲೆ ಎತ್ತಲಿಲ್ಲ. ಡಾಕ್ಟರು ಆ ಮೆಷಿನ್ನನ್ನು ನೋಡಿ, ಹೆಂಗಸಿನ ಕಡೆ ತಿರುಗಿದರು.

"ಮಾರ್ಬೇಡಿ. ಹಸು ಚೆನ್ನಾಗಿದೆ. ಕೀವು ಇರ್ಲೇ ಇಲ್ಲಮ್ಮ. ಕರು ಬೀಳ್ಸಿದ್ದು ನನ್ನ ಸೂಜಿ."

ಆಕೆ ಅವರ ಎಡಗೈಯನ್ನೇ ನೋಡಿದರು.

"ಅವತ್ತು ನಾನೂ ನಕ್ಕಿದ್ದೆ" ಎಂದಷ್ಟೇ ಹೇಳಿ, ಕವರು ಎತ್ತಿಕೊಂಡು ಹೊರಟರು.

ಕೈಯನ್ನು ನಂಬಿ ಹೆಸರು ಮಾಡಿದ ಇಂಥವರಿಗೆ ತಮ್ಮ ಮಾತು ನಿಜವಾದ ಸಲಗಳು ಮಾತ್ರ ಗೊತ್ತಿರುತ್ತವೆ. ಅವರು ಖಾಲಿ ಎಂದ ಹಸುಗಳು ಮಾರಾಟವಾಗಿ ಹೋಗುತ್ತವೆ. ಅದು ಸುಳ್ಳೆಂದು ಹೇಳಲು ಹಿಂದಿರುಗಿ ಬರುವುದಿಲ್ಲ.

ಕಂದು ಹಸು ಮತ್ತೆ ಬೆದೆಗೆ ಬಂದಿತು. ಆಕೆ ಅದನ್ನು ಆಸ್ಪತ್ರೆಗೆ ಹೊಡೆದುಕೊಂಡು ಬಂದು, ಚಿಕ್ಕ ಡಾಕ್ಟರು ಇದ್ದಾರಾ ಎಂದು ದೊಡ್ಡ ಡಾಕ್ಟರನ್ನೇ ಕೇಳಿದರು.