ಹಿಲರಿಯ ತಟ್ಟೆಗೆ ಬಿದ್ದ ಕಾಳು

ಒಂಬತ್ತು ವರ್ಷದಲ್ಲಿ ಹಿಲರಿಯ ತಟ್ಟೆಗೆ ಒಂದೇ ಒಂದು ಕಾಳು ಬಿದ್ದಿರಲಿಲ್ಲ.

ಇಂಗ್ಲೆಂಡಿನ ನಾರ್ಫೋಕಿನಲ್ಲಿ, ಮಣ್ಣಿನಡಿಯ ಹಳೇ ನಾಣ್ಯ, ಒಡವೆ ಹುಡುಕುವ ಆ ಲೋಹಶೋಧಕರ ಕ್ಲಬ್ಬಿನಲ್ಲಿ ಒಂದು ಪದ್ಧತಿ. ಭಾನುವಾರ ಬೆಳಗಿನಿಂದ ಕೊಯ್ಲಾದ ಗೋಧಿ ಹೊಲದಲ್ಲಿ ಎಲ್ಲರೂ ಲೋಹ ಇದ್ದಲ್ಲಿ ಸದ್ದು ಮಾಡುವ ಯಂತ್ರ ಬೀಸುತ್ತ ಅಲೆಯುವುದು. ಒಂದು ಗಂಟೆಗೆ ಸೀಟಿ ಊದಿದಾಗ ಸಿಕ್ಕಿದ್ದನ್ನು ತಂತಮ್ಮ ತಟ್ಟೆಯಲ್ಲಿಟ್ಟು ಮೇಜಿನ ಮೇಲೆ ಸಾಲಾಗಿ ಇಡುವುದು. ಊಟವಾದ ಮೇಲೆ ಪ್ರತಿಯೊಬ್ಬರ ಕೈಗೂ ಒಂದು ಒಣ ಬೀನ್ಸ್ ಕಾಳು. ಮೆಚ್ಚಿದ ತಟ್ಟೆಗೆ ಅದನ್ನು ಹಾಕಬೇಕು, ತನ್ನದಕ್ಕೆ ತಾನೇ ಹಾಕಿಕೊಳ್ಳುವಂತಿಲ್ಲ. ಹಿಲರಿಯ ತಟ್ಟೆಯಲ್ಲಿ ಯಾವಾಗಲೂ ಕೋಟಿನ ಗುಂಡಿ, ತುಂಡಾದ ಬಕಲು, ಸೀಸದ ಚೂರು. ಜನ ಬಗ್ಗಿ ನೋಡಿ, "ಪರವಾಗಿಲ್ಲ" ಎಂದು ಪಕ್ಕದ ತಟ್ಟೆಗೆ ಸರಿಯುತ್ತಿದ್ದರು.

ಈಗ ತಂಗಿ ಲೊರೇನ್ ಬೇರೆ ಬಂದಿದ್ದಳು. ನರ್ಸ್ ಕೆಲಸದಿಂದ ನಿವೃತ್ತಳಾಗಿ ಊರಿಗೆ ಮರಳಿ ಇನ್ನೂ ತಿಂಗಳಾಗಿರಲಿಲ್ಲ. ಮನೆಯಲ್ಲಿ ಸುಮ್ಮನೆ ಕೂತು ಮಂಕಾಗಿದ್ದಾಳಲ್ಲ ಎಂದು ಹಿಲರಿಯೇ ತನ್ನ ಹಳೇ ಯಂತ್ರ ಕೊಟ್ಟು ಕರೆತಂದಿದ್ದಳು. ದಾರಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆದಂತಾಯಿತು. ಹೊಲಕ್ಕಿಳಿದು ಅರ್ಧ ಗಂಟೆಯಾಗಿಲ್ಲ, ಲೊರೇನ್ ಕುಣಿಯುತ್ತಿದ್ದಳು.

"ಹಿಲರೀ! ಬಾರೇ ಇಲ್ಲಿ! ಇದರಲ್ಲಿ ಯಾವನದ್ದೋ ಮೂತಿ ಇದೆ!"

ಬೆಳ್ಳಿಯ ಪೆನ್ನಿ ನಾಣ್ಯ. ಏಳುನೂರು ವರ್ಷದ ಹಿಂದಿನ ರಾಜನ ಮುಖ, ತೆಳ್ಳಗೆ, ಉಗುರಿನಷ್ಟಗಲ. ಕ್ಲಬ್ಬಿನ ಕಾರ್ಯದರ್ಶಿ ಪರ್ಸಿ ಟೋಪಿ ತೆಗೆದೇ ನೋಡಿದ. "ಅಬ್ಬಾ, ಏನು ಕಣ್ಣಮ್ಮ ನಿನ್ನದು!" ಎಂದ.

ಆ ಮಾತು ಹಿಲರಿಗೆ ಎಲ್ಲಿ ಚುಚ್ಚಬೇಕೋ ಅಲ್ಲೇ ಚುಚ್ಚಿತು. ಚಿಕ್ಕವರಿದ್ದಾಗ ಅಪ್ಪ ಇಬ್ಬರನ್ನೂ ಸಮುದ್ರದಂಡೆಗೆ ಕರೆದೊಯ್ಯುತ್ತಿದ್ದ. ಅಲೆ ಹಿಂದೆ ಸರಿದಾಗ ಅಂಬರ್ ಎಂಬ ಜೇನುಬಣ್ಣದ ಗಟ್ಟಿ ರಾಳದ ಚೂರು ಹುಡುಕುವ ಆಟ. ಮುಂದೆ ಹಿಲರಿ, ಹಿಂದೆ ಲೊರೇನ್. ಹಿಲರಿ ತುಳಿದು ದಾಟಿದ ಜಾಗದಲ್ಲೇ ಲೊರೇನ್ ಬಗ್ಗಿ ಅಂಬರ್ ಎತ್ತುತ್ತಿದ್ದಳು. "ಇವಳಿಗೆ ಕಣ್ಣು ಕೊಟ್ಟ ದೇವರು ಅವಳಿಗೆ ಕಾಲು ಕೊಟ್ಟ" ಎಂದು ಅಪ್ಪ ನಗುತ್ತಿದ್ದ. ಹೊಟ್ಟೆಕಿಚ್ಚಿಗೆ ವಯಸ್ಸಾಗುವುದಿಲ್ಲ. ಎಂಟರಲ್ಲಿ ಹೊತ್ತಿದ್ದು ಅರವತ್ತೆರಡರಲ್ಲೂ ಧಗಧಗ ಎನ್ನುತ್ತಿತ್ತು.

ಸೀಟಿಗೆ ಇನ್ನೇನು ಹತ್ತು ನಿಮಿಷವಿರುವಾಗ ಲೊರೇನ್ ಮತ್ತೆ ಕೂಗಿದಳು. "ಇದನ್ನ ಕೇಳೇ, ಅಗೀಲೋ ಬೇಡ್ವೋ?"

ಹಿಲರಿ ಅವಳ ಹೆಡ್‌ಫೋನ್ ಕಿವಿಗಿಟ್ಟುಕೊಂಡಳು. ದುಂಡನೆಯ, ಮೆತ್ತನೆಯ ಸದ್ದು. ಚಿನ್ನ ಹೀಗೇ ಹಾಡುತ್ತದೆ. ಬಿಯರ್ ಡಬ್ಬಿಯ ಬಾಯಿಂದ ಕಿತ್ತೆಸೆದ ತಗಡಿನ ಉಂಗುರವೂ ಹೀಗೇ ಹಾಡುತ್ತದೆ. ಅಗೆಯದೆ ದೇವರಿಗೂ ಗೊತ್ತಾಗದು. ಆದ್ದರಿಂದಲೇ ಅಗೆದೇ ನೋಡಬೇಕೆಂದು ಹೊಸಬರಿಗೆಲ್ಲ ಪಾಠ ಹೇಳುತ್ತಿದ್ದವಳು ಹಿಲರಿಯೇ.

"ಡಬ್ಬಿ ಉಂಗುರ ಕಣೆ. ಬಿಡು, ಸುಮ್ಮನೆ ಸೊಂಟ ನೋವು" ಎಂದಳು.

"ನೀನು ಹೇಳಿದ್ರೆ ಸರಿ" ಎಂದು ಲೊರೇನ್ ಹೊರಟೇಬಿಟ್ಟಳು. ಹಿಲರಿ ಬೂಟಿನ ತುದಿಯಿಂದ ಮೂರು ಕಲ್ಲನ್ನು ಅಲ್ಲಿಗೆ ನೂಕಿ ಗುರುತು ಮಾಡಿಕೊಂಡಳು.

ಸೀಟಿಯಾಯಿತು. ಎಲ್ಲರೂ ಫ್ಲಾಸ್ಕು, ಚೀಸ್ ಸ್ಯಾಂಡ್‌ವಿಚ್ಚು ಬಿಚ್ಚುವಾಗ ಹಿಲರಿ ಕೈಗವಸು ಮರೆತೆನೆಂದು ಹೇಳಿ ಜಾರಿಕೊಂಡಳು. ಮೂರು ಕಲ್ಲಿನ ಹತ್ತಿರ ಮಂಡಿಯೂರಿ ಮಣ್ಣು ಎತ್ತಿದಳು. ಉಗುರಿಗೆ ಮಣ್ಣು ಮೆತ್ತಿತು. ಈ ಸುಖಕ್ಕಾಗಿಯೇ ಅಲ್ಲವೇ ಒಂಬತ್ತು ವರ್ಷ ಚಳಿಯಲ್ಲಿ ಅಲೆದದ್ದು! ಅಲೆ ಸರಿದ ಮರಳಲ್ಲಿ ಕೈ ಹಾಕಿದ ಹುಡುಗಿಯೇ ಆಗಿಬಿಟ್ಟಿದ್ದಳು. ಏನೋ ಮಿನುಗಿತು. ಬಾಯಿಂದ "ಓ!" ಎಂದು ತಾನಾಗಿ ಹೊರಟಿತು.

ಡಬ್ಬಿ ಉಂಗುರ.

"ಹೌದಲ್ಲ, ನೀನು ಹೇಳಿದ್ದು ನಿಜ" ಎಂಬ ದನಿ ಹಿಂದಿನಿಂದ ಬಂತು. ಲೊರೇನ್ ಎರಡು ಕಪ್ ಚಹಾ ಹಿಡಿದು ನಿಂತಿದ್ದಳು. "ಮತ್ತೆ ಗೊತ್ತಿದ್ದೂ ಯಾಕೆ ಅಗೆದೆ?"

ಹಿಲರಿಯ ಮುಖ ಕೆಂಪೇರಿ ಕಿವಿಯವರೆಗೆ ಬಿಸಿಯಾಯಿತು. ಲೊರೇನ್ ಒಂದು ಕಪ್ಪನ್ನು ಅವಳ ಪಕ್ಕ ನೆಲದ ಮೇಲಿಟ್ಟಳು. ಉಂಗುರ ಎತ್ತಿ ಕೋಟಿಗೆ ಒರೆಸಿ ಜೇಬಿಗೆ ಹಾಕಿಕೊಂಡಳು. "ಗುಂಡಿ ಮುಚ್ಚಿ ಬಾ. ಇಲ್ದಿದ್ರೆ ಹೊಲದ ಯಜಮಾನ ಬಯ್ತಾನೆ" ಎಂದು ನಡೆದಳು.

ಹಿಲರಿ ಮೇಜಿನ ಬಳಿ ಬರುವಷ್ಟರಲ್ಲಿ ಕಾಳು ಹಂಚಿಯಾಗಿತ್ತು. ಲೊರೇನಳ ಪೆನ್ನಿಯ ಸುತ್ತ ಆಗಲೇ ರಾಶಿ. ಹಿಲರಿಯ ತಟ್ಟೆಯಲ್ಲಿ, ಎರಡು ಗುಂಡಿಗಳ ನಡುವೆ, ಆ ಉಂಗುರ ಕೂತಿತ್ತು. ಪಕ್ಕದಲ್ಲಿ ಒಂದು ಕಾಳು.

"ಇದಕ್ಕ್ಯಾರಪ್ಪ ಹಾಕಿದ್ದು? ಕಣ್ಣು ಕಾಣಲ್ವಾ?" ಎಂದು ಪರ್ಸಿ ನಕ್ಕ.

"ನಾನೇ. ಇವತ್ತು ಇದನ್ನ ಅಗೆದಷ್ಟು ಆಸೆಯಿಂದ ಯಾರೂ ಏನನ್ನೂ ಅಗೀಲಿಲ್ಲ" ಎಂದಳು ಲೊರೇನ್. ಅದು ಕದ್ದು ಅಗೆದದ್ದೆಂಬ ಗುಟ್ಟು ಮಾತ್ರ ಬಿಟ್ಟುಕೊಡಲಿಲ್ಲ.

ಹಿಲರಿ ತನ್ನ ಕಾಳನ್ನು ಅಂಗೈ ಬೆವರುವವರೆಗೂ ಮುಷ್ಟಿಯಲ್ಲಿಟ್ಟುಕೊಂಡಿದ್ದಳು. ಕೊನೆಗೆ ಪೆನ್ನಿಯ ತಟ್ಟೆಗೆ ಹಾಕಿದಳು, ನಾಚಿಕೆಯಿಂದಲೇ ಹಾಕಿದಳು. ಆದರೂ ಹೊಟ್ಟೆಯ ಉರಿ ಆರಲಿಲ್ಲ. ಬೆಳ್ಳಿ ಹೋಗಲಿ, ಇಂಥ ದೊಡ್ಡ ಮನಸ್ಸೂ ಇವಳಿಗೇ ಸಿಗಬೇಕೇ, ಅದೂ ತಾನು ತುಳಿದು ದಾಟಿದ ಜಾಗದಲ್ಲಿ?